ಎರಡನೇ ಹಾರ್ನಿನ ಹಾಳೆ

ಬಾಡಿಗೆಗೆ ತಂದ ಸ್ವರಹಾಳೆಗಳನ್ನು
ತಂದಂತೆಯೇ ಹಿಂದಿರುಗಿಸಬೇಕೆಂದು ಕರಾರು.
ಪೆನ್ಸಿಲಿನ ಗುರುತು ಉಳಿದರೆ ಹಾಳೆಗಿಷ್ಟೆಂದು ದಂಡ.
ಹಾಗಾಗಿ ಕಚೇರಿಯ ಮರುದಿನ, ಸೋಮವಾರ,
ಶಾಲೆಯ ಊಟದ ಕೋಣೆಯಲ್ಲಿ, ಉದ್ದ ಮೇಜಿಗೆ,
ರಬ್ಬರ್ ಹಿಡಿದು ಕೂರುತ್ತೇನೆ.
ಕೆಟಲ್ ಹಾರ್ಬರ್ ಸಿಂಫನಿ ಆರ್ಕೆಸ್ಟ್ರಾದಲ್ಲಿ
ಯಾವ ವಾದ್ಯವೂ ಬಾರದವಳು ನಾನೊಬ್ಬಳೇ.
ಮೂವತ್ತೊಂದು ವರ್ಷ ಅಂಚೆಯಲ್ಲಿದ್ದವಳು,
ಕೈಬರಹ ತೋರಿಸಿದರೆ ಮನೆ ನಂಬರು ಹೇಳಿಯೇನು.

ಓಬೋದ ಹಾಳೆಯಲ್ಲಿ ಲೆಂಪಿಯ ಇರುವೆ ಅಕ್ಷರ:
"ಇಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಾರೆ. ಹೆದರಬೇಡ."
ಹಗಲು ಊರಿನ ಹಲ್ಲು ಉಜ್ಜುವವಳು,
ಅವಳೆದುರು ಬಾಯಿ ತೆರೆಯದವರಿಲ್ಲ.
ಮಂಗಳವಾರ ರಾತ್ರಿ ಅವಳೊಂದು ಸ್ವರ ಹಿಡಿದರೆ
ಅರವತ್ತೆರಡು ಜನ ಬಾಯಿ ಮುಚ್ಚಿ
ಶ್ರುತಿ ಕೂಡಿಸಿಕೊಳ್ಳುತ್ತಾರೆ.

ಟಿಂಪನಿಯ ಸ್ಟುಪಾರ್ ಬರೆದದ್ದು ಎರಡೇ ಪದ:
"ಹಿಮ. ಹೊರಟೆ."
ರಸ್ತೆಯ ಹಿಮ ಗೋರುವ ಟ್ರಕ್ಕು ಅವನದು.
ಆ ರಾತ್ರಿಯ ಅಭ್ಯಾಸದಲ್ಲಿ ಕೊನೆಯ ಭಾಗ ನಗಾರಿಯಿಲ್ಲದೆ ಸಾಗಿತು;
ಕಿಟಕಿಯಾಚೆ ಅವನ ಗೋರೆ ನೆಲಕ್ಕೆ ಬಡಿದ ಸದ್ದು
ಎರಡು ಕಡೆ ಸರಿಯಾಗಿ ತಾಳಕ್ಕೇ ಬಿತ್ತೆಂದು
ವಯೋಲಾದವರು ಈಗಲೂ ವಾದಿಸುತ್ತಾರೆ.

ಅಳಿಸುತ್ತೇನೆ. ಊದುತ್ತೇನೆ. ಮುಂದಿನ ಹಾಳೆ.

ನಗರಸಭೆಯಲ್ಲೊಬ್ಬರು ಕೇಳಿದರು, ಕೇಳಬೇಕಾದ್ದೇ ಬಿಡಿ:
"ಲಾಭವಿಲ್ಲದ ಸಂಸ್ಥೆ ಅಂತೀರಿ. ಊರಿಗೇನು ಲಾಭ?"
ಖಜಾಂಚಿ ಹದಿನಾಲ್ಕು ಪುಟ ಓದಿದ.
ಮಕ್ಕಳಿಗೆ ಎರವಲು ಕೊಟ್ಟ ಚೆಲ್ಲೋ ಒಂಬತ್ತು,
ಬ್ಲೂಬೆರಿ ಪೈ ಮಾರಿ ಬಂದದ್ದು ಇಷ್ಟು,
ಪೆಟ್ರೋಲಿಗೆ ಹೋದದ್ದು ಅದಕ್ಕಿಂತ ಸ್ವಲ್ಪ ಹೆಚ್ಚು.
ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ:
ವರ್ಷಕ್ಕೆ ಆರು ರಬ್ಬರ್ ಸವೆಯುತ್ತದೆ, ಸ್ವಾಮಿ.
ಕೇಳಲಿಲ್ಲ.

ಈ ಸಲದ ಕಚೇರಿಗೆ ಮೂರು ದಿನವಿದ್ದಾಗ
ಅದಿರಿನ ಗಣಿ ಮುಚ್ಚುವ ಸುದ್ದಿ ಬಂತು.
ರದ್ದು ಮಾಡೋಣವೇ ಅಂದರೆ
ಯಾರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.
ಭಾನುವಾರ ವ್ಯಾಯಾಮಶಾಲೆ ಕಿಕ್ಕಿರಿಯಿತು.
ಎಂದೂ ಬಾರದವರು ಗಣಿಯ ಬೂಟಿನಲ್ಲೇ ಬಂದರು.
ಬಾಸ್ಕೆಟ್‌ಬಾಲ್ ಫಲಕ ಆರಿಸಲು ಬೀಗದಕೈ ಸಿಗದೆ
"ಮನೆ 61, ಅತಿಥಿ 48" ಉರಿಯುತ್ತಲೇ ಇತ್ತು.
ನಿಧಾನದ ಭಾಗ ಮುಗಿದದ್ದೇ, ತಟ್ಟಬಾರದ ಜಾಗದಲ್ಲಿ
ಚಪ್ಪಾಳೆ ತಟ್ಟಿದರು. ತಟ್ಟುತ್ತಲೇ ಇದ್ದರು.
ನಿರ್ದೇಶಕಿ ಕೋಲು ಕೆಳಗಿಳಿಸಿ
ಅದು ಮುಗಿಯುವವರೆಗೂ ಕಾದಳು.

ಈಗ ಕೊನೆಯದು. ವೆಂಡೆಲ್ ಮಾಕಿಯದು.
ಹದಿನೇಳು ವರ್ಷ ಗಣಿಯಲ್ಲಿ ಕಲ್ಲು ಪುಡಿ ಮಾಡುವ ಯಂತ್ರ ನಡೆಸಿದವನು.
ಎರಡನೇ ಹಾರ್ನ್ ಅಂದರೆ ಹೆಚ್ಚಿನಂಶ ಕಾಯುವ ಕೆಲಸ:
ಮೂರನೇ ಭಾಗದಲ್ಲಿ ಐವತ್ತೆರಡು ಆವರ್ತ ಮೌನ,
ಆಮೇಲೆ ಒಂದೇ ಒಂದು ಉದ್ದ ಸ್ವರ, ಅದೂ ಮೆಲ್ಲಗೆ.
ಮೌನದುದ್ದಕ್ಕೂ ಐದೈದರ ಕಟ್ಟಾಗಿ ಗೀಟು ಎಳೆದಿದ್ದಾನೆ,
ಅಂಚೆ ಚೀಲ ಎಣಿಸುವಾಗ ನಾವು ಎಳೆಯುತ್ತಿದ್ದ ಹಾಗೆ.
ಹತ್ತು ಕಟ್ಟು, ಮೇಲೆರಡು.
ಕೆಳಗೆ: "ಲೆಕ್ಕ ತಪ್ಪಿದರೆ ಮಾಯ್‌ಳ ಬಿಲ್ಲು ನೋಡು."

ಮಾಯ್ ಥಾವ್, ಹದಿನೆಂಟರ ಹುಡುಗಿ, ವಯಲಿನ್.
ಅವಳ ಹಾಳೆ ತಿರುವಿ ತೆಗೆದೆ. ಅದೇ ಜಾಗದಲ್ಲಿ:
"ವೆಂಡೆಲ್ ನೋಡುತ್ತಿರುತ್ತಾನೆ. ಬಿಲ್ಲು ಎತ್ತರಕ್ಕೆ ಎತ್ತು."
ಒಬ್ಬರಿಗೊಬ್ಬರು ಹೇಳಿಕೊಂಡವರಲ್ಲ.
ಎರಡೂ ಹಾಳೆ ಓದಿದವಳು ನಾನು ಮಾತ್ರ,
ಓದಿದ್ದು, ಅಳಿಸಲಿಕ್ಕೆ.

ಬೆಳಿಗ್ಗೆ ಅವನು ಹಾರ್ನ್ ತಂದು ಮೇಜಿನ ಮೇಲಿಟ್ಟ.
ಅದು ಆರ್ಕೆಸ್ಟ್ರಾದ್ದು. ಅವನು ಪಶ್ಚಿಮಕ್ಕೆ ಹೊರಟಿದ್ದಾನೆ, ಎಣ್ಣೆಬಾವಿಯ ಕೆಲಸಕ್ಕೆ.
ರಸೀದಿ ಬೇಕೇ ಅಂದೆ. ಬೇಡ ಅಂದ.
ಬಾಗಿಲ ತನಕ ಹೋಗಿ, ತಿರುಗಿ,
ಗುಂಡಿಗಳಿಗೆಲ್ಲ ಎಣ್ಣೆ ಬಿಟ್ಟಿದ್ದೇನೆ ಅಂದ.

ಮಾಯ್‌ಳ ಸಾಲು ಅಳಿಸಿದೆ. ಅವನ ಸಾಲೂ.
ಗೀಟುಗಳನ್ನು ಬಿಟ್ಟೆ; ದಂಡ ನಾನೇ ಕಟ್ಟುತ್ತೇನೆ.
ಬರುವ ಚಳಿಗಾಲ ಎಲ್ಲೋ ಯಾವುದೋ ಊರಲ್ಲಿ
ಯಾರಿಗೋ ಲೆಕ್ಕ ತಪ್ಪದಿರಲಿ.

ಮೇಜಿನ ಮೇಲಿನ ಬೂದು ಪುಡಿ ಅಂಗೈಗೆ ಬಳಿದುಕೊಂಡೆ.
ಒಂದು ಚಮಚವೂ ಆಗಲಿಲ್ಲ.

ಮೂರು ಗಂಟೆಗೆ ಆರನೇ ತರಗತಿಯ ಹುಡುಗಿಯೊಬ್ಬಳು ಬಂದಳು,
ಟೋಪಿಯ ಮೇಲಿನ್ನೂ ಹಿಮ.
ಪೆಟ್ಟಿಗೆಯನ್ನು ಎರಡೂ ತೋಳಲ್ಲಿ ತಬ್ಬಿ ಎತ್ತಿ
ಭಾರ ಅಂದಳು.
ಹೌದು ಅಂದೆ.